ಕರೋಶಿಯಲ್ಲೊಬ್ಬ ಕರೋಶಿಕರ

ನನ್ನ ತವರಿನ ಅಡ್ಡಹೆಸರು ಮಜ್ಜಿಗಿ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಾನು ಹೇಳುವುದನ್ನು ಕೇಳಿ. ದೂರದ ಊರಿನವರು ನಕ್ಕರೆ ನನಗೆ ಬೇಸರವಿಲ್ಲ. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ಮನೆತನಗಳು ಅಂತಸ್ತಿನಿಂದ ಬಾಳುತ್ತಿವೆ ಎಂಬುದು ಅವರಿಗೇನು ಗೊತ್ತು? ಆದರೆ ನನ್ನ ಸ್ವಂತ ಅಣ್ಣನ ಮಗ, ಆ ಮನೆಯ ರೊಟ್ಟಿ ತಿಂದು ಬೆಳೆದವನು, ಆ ಹೆಸರಿಗೆ ನಾಚಿಕೊಂಡಾಗ ನನ್ನ ಮೈಯೆಲ್ಲ ಉರಿದುಹೋಯಿತು. ಆ ಉರಿ ಇನ್ನೂ ಆರಿಲ್ಲ.

ನಮ್ಮ ಮನೆ ಕರೋಶಿಯ ಅಂಚಿನಲ್ಲಿ, ಚಿಕ್ಕೋಡಿಗೆ ಹೋಗುವ ದಾರಿಗೆ ಹೊಂದಿಕೊಂಡೇ ಇದೆ. ಹೆಸರು ಹೇಗೆ ಬಂತೆಂದು ನಾನು ಕೇಳಿದ್ದು ನನ್ನ ಆಯಿಯಿಂದ, ಅಂದರೆ ಅಪ್ಪನ ತಾಯಿಯಿಂದ. ಅವಳ ಅತ್ತೆಯೋ, ಅತ್ತೆಯ ಅತ್ತೆಯೋ ಎಮ್ಮೆ ಸಾಕಿದ್ದಳಂತೆ. ಬೆಣ್ಣೆ ಮಾರುತ್ತಿದ್ದಳು, ತುಪ್ಪ ಮಾರುತ್ತಿದ್ದಳು, ಮಜ್ಜಿಗೆಯನ್ನು ಮಾತ್ರ ಮಾರುತ್ತಿರಲಿಲ್ಲ. ಅದನ್ನು ಮಾರುವುದು ಮನೆಗೆ ಒಳ್ಳೆಯದಲ್ಲ ಎಂದು ನಂಬಿದ್ದಳು. ಕುರಿ ಹೊಡೆದುಕೊಂಡು ಹೋಗುವವರು, ಸಂತೆಗೆ ನಡೆದು ಹೋಗುವವರು ಬಿಸಿಲಿಗೆ ಸುಸ್ತಾಗಿ ಕಟ್ಟೆಯ ಮೇಲೆ ಕೂತರೆ ಸಾಕು, ಉಪ್ಪು ಹಾಕಿದ ಮಜ್ಜಿಗೆ ತಂದು ಕೊಡುತ್ತಿದ್ದಳು. ಎಲ್ಲರಿಗೂ ಒಂದೇ ಚರಿಗೆಯಲ್ಲಿ ಕೊಡುತ್ತಿದ್ದಳೇನು ಎಂದು ನಾನು ಕೇಳಿದರೆ ಆಯಿ ಮಾತು ಮರೆಸುತ್ತಿದ್ದಳು. ಆ ಕಾಲ ಬಂಗಾರದ್ದಾಗಿತ್ತು ಎಂದು ಹೇಳಲು ನಾನೂ ಹೊರಟಿಲ್ಲ. ಆದರೆ ದಾರಿ ಕೇಳಿದವರಿಗೆ ಊರವರು ‘ಮಜ್ಜಿಗಿ ಮನಿ ದಾಟಿ ಹೋಗ್ರಿ’ ಎನ್ನತೊಡಗಿದರು. ಮನೆಗೆ ಅಂಟಿಕೊಂಡ ಹೆಸರು ಮನೆಯ ಗಂಡಸರಿಗೂ ಅಂಟಿಕೊಂಡಿತು.

ಗಮನಿಸಿ, ಆ ಗಂಡಸರಲ್ಲಿ ಒಬ್ಬನೂ ಕಡಗೋಲು ಹಿಡಿದವನಲ್ಲ. ನಸುಕಿನಲ್ಲಿ ಎದ್ದು ಕಡೆದವರು ಹೆಂಗಸರು, ಬಗ್ಗಿಸಿ ಕೊಟ್ಟವರು ಹೆಂಗಸರು. ನಾನು ಚಿಕ್ಕವಳಿದ್ದಾಗಲೂ ನನ್ನ ಅವ್ವ ಅದನ್ನು ಬಿಟ್ಟಿರಲಿಲ್ಲ. ಓಣಿಯ ಮಂದಿ ತಂಬಿಗೆ ಹಿಡಿದು ಬರುತ್ತಿದ್ದರು. ಅವ್ವನ ರಟ್ಟೆ ಸಂಜೆಯ ತನಕ ನೋಯುತ್ತಿತ್ತು. ಹೆಸರು ಅಪ್ಪನದಾಗಿತ್ತು.

ಮುಂದೆ ನಾನು ಚಿಕ್ಕೋಡಿಯ ಒಂದು ಶಾಲೆಯಲ್ಲಿ ಕಲಿಸಿದೆ. ನಮ್ಮ ಕಡೆ ಹೊಸಬರು ಸಿಕ್ಕರೆ ಊರು ಯಾವುದು ಎನ್ನುವುದಕ್ಕಿಂತ ಮೊದಲು ‘ಅಡ್ಡಹೆಸರ ಏನ್ರಿ?’ ಎಂದು ಕೇಳುತ್ತಾರೆ. ಹಾಗೆ ಕೇಳುವುದು ಪರಿಚಯಕ್ಕಲ್ಲ, ಜಾತಿ ಯಾವುದು, ಹೊಲ ಎಷ್ಟು ಎಂದು ಅಳೆಯುವುದಕ್ಕೆ. ಪಾಟೀಲ ಎಂದರೆ ಕುರ್ಚಿ ಬರುತ್ತದೆ, ದೇಸಾಯಿ ಎಂದರೆ ಕುರ್ಚಿಯ ಜೊತೆ ಚಹಾ ಬರುತ್ತದೆ. ನನ್ನ ತರಗತಿಯಲ್ಲಿ ಪಾಟೀಲ ಎಂದು ಕರೆದರೆ ಅರ್ಧ ಬೆಂಚು ಎದ್ದು ನಿಲ್ಲುತ್ತಿತ್ತು. ಮಜ್ಜಿಗಿ ಎಂದರೆ ಮಾತ್ರ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಯಾವ ಜಾತಿ ಎಂದು ಲೆಕ್ಕ ಹಾಕಲಾಗದೆ ಚಡಪಡಿಸುತ್ತಾರೆ. ನನಗೆ ಅದಕ್ಕಾಗಿಯೇ ಆ ಹೆಸರು ಇಷ್ಟ.

ಇಷ್ಟವಿದ್ದರೇನು ಬಂತು, ಮದುವೆಯ ದಿನವೇ ಅದನ್ನು ಕಿತ್ತುಕೊಂಡರು. ನನ್ನ ಗಂಡನ ಮನೆಯಲ್ಲಿ ಸೊಸೆಯ ಹೆಸರನ್ನೂ ಬದಲಿಸುವ ಪದ್ಧತಿ. ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆದ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಒಬ್ಬಳಾಗಿ ಮಂಟಪಕ್ಕೆ ಬಂದವಳು ಸಂಜೆಗೆ ಬೇರೆಯೇ ಒಬ್ಬಳಾಗಿದ್ದೆ. ನಿನಗೆ ಒಪ್ಪಿಗೆಯೇ ಎಂದು ಒಬ್ಬರೂ ಕೇಳಲಿಲ್ಲ. ಗಂಡ ಒಳ್ಳೆಯವನೇ, ಆದರೆ ಆ ತಾಟನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಈಗ ಅಣ್ಣನ ಮಗನ ವಿಷಯ. ಅವನು ನಿಪ್ಪಾಣಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಹಾಕಿದ್ದಾನೆ, ಕರೋಶಿಯ ಮನೆಯಿಂದಲೇ ದಿನವೂ ಹೋಗಿ ಬರುತ್ತಾನೆ. ಅಲ್ಲಿ ಗಿರಾಕಿಗಳ ಮಾತು ಹೆಚ್ಚಾಗಿ ಮರಾಠಿ. ಬೋರ್ಡು ನೋಡಿ ಯಾರೋ ‘ಮಜ್ಜಿಗಿ? ಮ್ಹಣಜೆ ತಾಕ?’ ಎಂದು ನಕ್ಕರಂತೆ. ತಾಕ ಎಂದರೆ ಮರಾಠಿಯಲ್ಲಿ ಮಜ್ಜಿಗೆ. ಅಷ್ಟಕ್ಕೇ ಇವನಿಗೆ ನಿದ್ದೆ ಹಾರಿಹೋಯಿತು. ಮಗಳನ್ನು ಶಾಲೆಗೆ ಸೇರಿಸುವುದರೊಳಗೆ ಮನೆಯವರೆಲ್ಲರ ಅಡ್ಡಹೆಸರನ್ನು ‘ಕರೋಶಿಕರ’ ಎಂದು ಬದಲಿಸುವುದಾಗಿ ತೀರ್ಮಾನಿಸಿದ.

ಕರೋಶಿಕರ! ಊರ ಹೆಸರಿಗೆ ‘ಕರ’ ಸೇರಿಸುವುದು ಊರು ಬಿಟ್ಟು ಹೋದವರಿಗೆ. ಅಥಣಿಯಿಂದ ಮಿರಜಿಗೆ ಹೋಗಿ ನೆಲೆಸಿದವನನ್ನು ಅಲ್ಲಿಯವರು ಅಥಣಿಕರ ಎನ್ನುತ್ತಾರೆ, ಸರಿ. ಕರೋಶಿಯಲ್ಲೇ ಕೂತು ಕರೋಶಿಕರ ಎಂದರೆ ಎದುರು ಮನೆಯವರು ಎಲ್ಲಿಯವರು? ನಮ್ಮ ಎಮ್ಮೆಯೂ ಕರೋಶಿಕರವೇ. ಇದನ್ನು ಫೋನಿನಲ್ಲಿ ಹೇಳಿದರೆ ಅವನು, “ಅತ್ತಿ, ನಿಮಗ ಇವೆಲ್ಲಾ ತಿಳಿಯಂಗಿಲ್ಲ, ಕೇಳಾಕ ಭಾರಿ ಅನಸ್ತೈತಿ” ಎಂದ. ಜೀವಮಾನವಿಡೀ ಮಕ್ಕಳಿಗೆ ಕಲಿಸಿದವಳಿಗೆ ತಿಳಿಯುವುದಿಲ್ಲವಂತೆ.

ಒಂದು ಭಾನುವಾರ ಮಧ್ಯಾಹ್ನ ಕರೋಶಿಗೆ ಹೋದೆ. ಪಡಸಾಲೆಯಲ್ಲಿ ಅಣ್ಣ ಕೂತಿದ್ದ, ಮಗ ವಕೀಲರ ಹತ್ತಿರ ಮಾಡಿಸಿದ ಕಾಗದಗಳನ್ನು ಹರವಿಕೊಂಡಿದ್ದ. ಅಣ್ಣನ ಹೆಂಡತಿ, ನನ್ನ ವೈನಿ, ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಆಗಲೇ ಸಹಿ ಮಾಡಿ ಮುಗಿಸಿದ್ದ.

“ಅಣ್ಣಾ, ಅವ್ವ ರಟ್ಟಿ ಮುರಕೊಂಡು ಉಳಿಸಿದ ಹೆಸರ ಅದು. ಯಾವನೋ ನಕ್ಕಾ ಅಂತ ಒಗದ ಬಿಡ್ತಿಯೇನು?” ಎಂದೆ.

ಅಣ್ಣ ನನ್ನ ಮುಖ ನೋಡಲಿಲ್ಲ. “ನೀ ಯಾಕ ತಲಿ ಕೆಡಿಸ್ಕೋತಿ? ನೀ ಈಗ ಈ ಹೆಸರಿನಾಕಿ ಅಲ್ಲ. ಇದು ನಮ್ಮ ಮನಿ ವಿಚಾರ” ಎಂದ.

ನಮ್ಮ ಮನೆ! ನಾನು ಹುಟ್ಟಿದ ಮನೆಯ ಪಡಸಾಲೆಯಲ್ಲಿ ನಿಂತು ಇದನ್ನು ಕೇಳಬೇಕಾಯಿತು. ಕಿತ್ತುಕೊಳ್ಳುವಾಗಲೂ ನನ್ನನ್ನು ಕೇಳಲಿಲ್ಲ, ಈಗ ಎಸೆಯುವಾಗ ನೀನು ಹೊರಗಿನವಳು ಎನ್ನುತ್ತಾರೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇನ್ನೂ ಏನೇನು ಅನ್ನುತ್ತಿದ್ದೆನೋ, ಅಷ್ಟರಲ್ಲಿ ಮಗ ಒಳಗೆ ನೋಡಿ, “ಅವ್ವಾ, ಇಲ್ಲಿ ಬಂದ ಒಂದ ಸಹಿ ಮಾಡ” ಎಂದು ಕರೆದ.

ವೈನಿ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದವಳಲ್ಲ. ಅವ್ವ ತೀರಿಕೊಂಡ ಮೇಲೆ ಎಮ್ಮೆ ನೋಡಿಕೊಂಡವಳು, ತಂಬಿಗೆ ಹಿಡಿದು ಬಂದವರಿಗೆ ಇಲ್ಲ ಎನ್ನದವಳು ಅವಳೇ. ಕಾಗದದ ಮೇಲೆ ಕಣ್ಣಾಡಿಸಿ ಪೆನ್ನನ್ನು ಮಗನ ಕೈಗೇ ತಿರುಗಿ ಕೊಟ್ಟಳು.

“ನಾ ಮಾಡಂಗಿಲ್ಲ. ನಮ್ಮಪ್ಪನ ಮನಿ ಹೆಸರ ಅಥಣ್ಯಾಗ ಬಿಟ್ಟ ಬಂದೆ. ಆವಾಗ ಯಾರೂ ನನ್ನ ಕೇಳಲಿಲ್ಲ. ಈ ಹೆಸರ ನಂದು ಅನ್ನಾಕ ನಂಗ ಭಾಳ ವರ್ಷ ಹಿಡದಾವ. ಈಗ ನಂದಾಗೈತಿ. ಇನ್ನೊಮ್ಮೆ ಬದಲ ಮಾಡಾಕ ನಾ ಏನ ಅಂಗಡಿ ಬೋರ್ಡ ಅಲ್ಲ.”

“ಅಲ್ಲಬೇ, ಅಪ್ಪಂದೊಂದು, ನಿಂದೊಂದು ಆದ್ರ ಮಂದಿ ಏನಂತಾರ?”

“ಮಂದಿ ಏನಂತಾರ ಅಂತ ನೀ ನೋಡ್ಕೋ. ನಂಗ ರೊಟ್ಟಿ ಸೀಯತೈತಿ.” ಹೇಳಿ ಒಳಗೆ ಹೋದಳು.

ಅಣ್ಣ ಬೈದ, ಮಗ ಅಂಗಲಾಚಿದ, ಸೊಸೆ ಸಂಜೆ ಸಮಾಧಾನ ಹೇಳಲು ಹೋದಳು. ವೈನಿ ಬಗ್ಗಲಿಲ್ಲ. ಕೊನೆಗೆ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಕರೋಶಿಕರ ಆದರು. ಊರಲ್ಲಿ ಯಾರೂ ಅವರನ್ನು ಹಾಗೆ ಕರೆಯುವುದಿಲ್ಲ ಎಂಬುದು ಬೇರೆ ಮಾತು. ಮಜ್ಜಿಗಿ ಮನೆತನದಲ್ಲಿ ಹುಟ್ಟಿದವರಲ್ಲಿ ಈಗ ಆ ಹೆಸರಿನವರು ಯಾರೂ ಇಲ್ಲ. ನನ್ನಿಂದ ಕಿತ್ತುಕೊಂಡರು, ಅವರಾಗಿ ಅವರು ಎಸೆದರು.

ಮೊನ್ನೆ ನಾನು ಅಲ್ಲಿದ್ದಾಗಲೇ ಮತದಾರರ ಹೆಸರು ನೋಡಿಕೊಂಡು ಹೋಗಲು ಒಬ್ಬ ಹೆಣ್ಣುಮಗಳು ಬಂದಳು. ಬಾಗಿಲಲ್ಲೇ ನಿಂತು ಪಟ್ಟಿ ಓದಿಕೊಂಡಳು. ಆಮೇಲೆ ವೈನಿಯ ಹತ್ತಿರ ಸರಿದು, ಅಣ್ಣ ಅಲ್ಲೇ ಕೂತಿದ್ದರೂ ದನಿ ತಗ್ಗಿಸಿ, “ಗಂಡಾ ಹೆಂಡತಿ ಹೆಸರ ಬ್ಯಾರೆ ಬ್ಯಾರೆ ಅದಾವಲ್ರಿ. ನೀವೇನ ಬ್ಯಾರೆ ಆಗೀರೇನ್ರಿ?” ಎಂದು ಕೇಳಿದಳು.

“ನಾ ಅಲ್ರಿ, ಅವರು ಬ್ಯಾರೆ ಆಗ್ಯಾರ” ಎಂದಳು ವೈನಿ. “ನಾ ಈ ಮನ್ಯಾಕಿನ ಅದೀನಿ.”