ಎಡಕ್ಕೊಂದು, ಬಲಕ್ಕೊಂದು: ಆರು ನಂಬರ್ ಅಕ್ಕನ ಓಟ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಶೂ ಕಾರ್ಖಾನೆಯ ಗೇಟಿನ ಪಕ್ಕದ ಕಲ್ಲುಮೆಟ್ಟಿಲ ಮೇಲೆ ಕೂತು ನಡುವಯಸ್ಸಿನ ಹೆಂಗಸೊಬ್ಬರು ಲೇಸ್ ಕಟ್ಟಿಕೊಳ್ಳುತ್ತಿದ್ದಾರೆ. ಎಡಗಾಲಿಗೆ ಬೂದು ಶೂ, ಬಲಗಾಲಿಗೆ ನೀಲಿ. ನೀಲಿಯದರ ಸೋಲ್ ತುಸು ಎತ್ತರ, ಹಾಗಾಗಿ ಎದ್ದು ನಿಂತಾಗ ಸೊಂಟ ಕೂದಲೆಳೆಯಷ್ಟು ವಾರೆ. ಗೇಟು ಕಾಯುವಾತ ದಿನವೂ ಕೇಳುವುದನ್ನೇ ಇವತ್ತೂ ಕೇಳುತ್ತಾನೆ.

“ಏನಕ್ಕಾ, ಕತ್ತಲಲ್ಲಿ ಹಾಕ್ಕೊಂಡ್ರಾ? ಲೈಟ್ ಹಾಕ್ಲಾ?”

“ಬೇಡಪ್ಪಾ. ಬೆಳಕಲ್ಲಿ ಒಂದರ ಮುಖ ಇನ್ನೊಂದು ನೋಡಿದ್ರೆ ಎರಡಕ್ಕೂ ಜಗಳ ಹತ್ಕೊಳ್ಳುತ್ತೆ.”

ಅಷ್ಟು ಹೇಳಿ ಓಡತೊಡಗುತ್ತಾರೆ. ಓಣಿ ದಾಟಿದರೆ ದೊಡ್ಡ ರಸ್ತೆ, ಬಸ್ ಡಿಪೋ, ಮೇಲ್ಸೇತುವೆಯ ಏರು. ನೀರಿನ ಟ್ಯಾಂಕಿಗೊಂದು ಸುತ್ತು ಹಾಕಿ ವಾಪಸ್ ಬಂದರೆ ಎಂಟು ಕಿಲೋಮೀಟರ್. ಡಿಪೋದ ನಾಯಿಗಳೂ ಈಗೀಗ ಇವರನ್ನು ಕಂಡರೆ ಶಾಸ್ತ್ರಕ್ಕೆ ಒಂದು ಸಲ ಬೊಗಳಿ ಮಲಗಿಬಿಡುತ್ತವೆ. ಓಡುವಾಗ ಇವರ ಗಮನವೆಲ್ಲ ಪಾದದಲ್ಲಿ. ಬೂದು ಏನನ್ನುತ್ತಿದೆ, ನೀಲಿ ಏನನ್ನುತ್ತಿದೆ, ಹಿಮ್ಮಡಿ ಜಾರಿತೆ, ಕಿರುಬೆರಳು ಎಲ್ಲಾದರೂ ತಾಗಿತೆ? ಒಂದು ಕಾಲಿಗೆ ಹಳೆಯದು, ಇನ್ನೊಂದಕ್ಕೆ ಹೊಸದು ಹಾಕಿ ಓಡಿ, ಎರಡರ ವ್ಯತ್ಯಾಸ ನೆನಪಿಟ್ಟುಕೊಂಡು ಬಂದು ಹೇಳುವುದೇ ಇವರ ಉದ್ಯೋಗ.

ಗೇಟಿನ ಬಳಿ ಅಚ್ಚಿನ ಮೇಸ್ತ್ರಿ ಕಾಯುತ್ತಿದ್ದಾರೆ. ಪಾದದ ಆಕಾರದಲ್ಲಿ ಮರದ ಅಚ್ಚು ಕೆತ್ತುವವರು ಅವರು. ಆ ಅಚ್ಚಿನ ಮೇಲೆಯೇ ಶೂ ಮೈ ತಾಳುವುದು.

“ಎಡಗಾಲು?”

“ಚೆನ್ನಾಗಿದೆ. ಹಳೇ ಶೂ ಅಲ್ವಾ, ಗೊತ್ತಿರೋದೇ.”

“ಬಲಗಾಲು?”

“ಹಾಯಾಗಿದೆ ಮೇಸ್ತ್ರೀ. ಮೆತ್ತಗಿದೆ. ಬೆರಳಿಗೆ ಬೇಕಾದಷ್ಟು ಜಾಗ.”

ಮೇಸ್ತ್ರಿಯ ಮುಖ ಅರಳಬೇಕಿತ್ತು. ಬದಲಿಗೆ ಅವರು ತಲೆ ಕೆರೆದುಕೊಳ್ಳುತ್ತಾರೆ. “ಹಾಯಾಗಿದ್ರೆ ಅಂಗಡಿಗಳಿಂದ ವಾಪಸ್ ಯಾಕೆ ಬರ್ತಿದೆಯಮ್ಮಾ?”

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಇಡೀ ಕಾರ್ಖಾನೆ ಕಕ್ಕಾಬಿಕ್ಕಿಯಾಗಿದೆ. ಎಲ್ಲರಿಗಿಂತ ಹೆಚ್ಚು ತಳಮಳ ಆಕೆಗೆ, ಏಕೆಂದರೆ ಆ ನೀಲಿ ಶೂಗೆ ‘ಸರಿ’ ಅಂದದ್ದು ಆಕೆಯ ಕಾಲು.

ಕಾರ್ಖಾನೆಯಲ್ಲಿ ಆಕೆಯನ್ನು ಕರೆಯುವುದೇ ಆರು ನಂಬರ್ ಅಕ್ಕ ಎಂದು. ದಿನನಿತ್ಯ ರಸ್ತೆಯಲ್ಲಿ ಓಡುವ ಹೆಂಗಸರಿಗಾಗಿ ಇಲ್ಲಿ ಶೂ ತಯಾರಾಗುತ್ತದೆ. ಹೊಸದೊಂದು ನಮೂನೆ ಬಂದರೆ ಮೊದಲು ಹುಟ್ಟುವುದು ಆರನೇ ನಂಬರಿನದು, ಅಂದರೆ ಅಕ್ಕನ ಪಾದದ್ದು. ಅದು ಒಪ್ಪಿಗೆಯಾದ ಮೇಲೆ ಅದನ್ನೇ ಕುಗ್ಗಿಸಿ ಐದು, ಹಿಗ್ಗಿಸಿ ಏಳು. ತನ್ನ ಹೆಸರು ಕೇಳದ ಎಷ್ಟೋ ಹೆಂಗಸರು ತನ್ನ ಕಾಲಿನ ಅಳತೆಯೊಳಗೆ ಓಡಾಡುತ್ತಿದ್ದಾರೆ ಎಂದು ಅಕ್ಕ ಯೋಚಿಸಿದ್ದೇ ಇಲ್ಲ. ಯೋಚಿಸಲು ಪುರಸೊತ್ತೆಲ್ಲಿ? ಓಟ ಮುಗಿದೊಡನೆ ತಪಾಸಣೆಯ ಮೇಜಿನ ಮುಂದೆ ನಿಲ್ಲಬೇಕು. ಹೊಲಿಗೆ ಬಿಟ್ಟಿದೆಯೇ, ಅಂಟು ಚೆಲ್ಲಿದೆಯೇ ಎಂದು ಒಂದೊಂದೇ ಶೂ ತಿರುಗಿಸಿ ನೋಡುತ್ತ ಸಂಜೆಯವರೆಗೂ ನಿಂತೇ ಇರುವುದು.

ಈ ಕೆಲಸಕ್ಕೆ ಅವರು ಅರ್ಜಿ ಹಾಕಿ ಬಂದವರಲ್ಲ. ಮೊದಲು ಹೊಲಿಗೆ ವಿಭಾಗದಲ್ಲಿದ್ದರು. ಆಗೆಲ್ಲ ಗಂಡಸರ ಶೂವನ್ನೇ ಚಿಕ್ಕದು ಮಾಡಿ, ಗುಲಾಬಿ ಬಣ್ಣ ಬಳಿದು, ಹೆಂಗಸರದ್ದು ಎಂದು ಕಳಿಸುತ್ತಿದ್ದರಂತೆ. ಹಾಕಿಕೊಂಡರೆ ಹಿಂದೆ ಸಡಿಲ, ಮುಂದೆ ಇಕ್ಕಟ್ಟು. ಒಂದು ದಿನ ಮೇಸ್ತ್ರಿ ಹೊಸ ಅಚ್ಚು ಹಿಡಿದು ‘ಯಾರದಾದರೂ ಒಂದು ಕಾಲು ಕೊಡಿ’ ಎಂದು ಹೊಲಿಗೆ ಕೋಣೆಗೆ ಬಂದಾಗ ಬಾಗಿಲ ಹತ್ತಿರ ಕೂತಿದ್ದವರು ಇವರು. ಚಪ್ಪಲಿ ಕಳಚಿ ಕಾಲು ಚಾಚಿದರು. ಆ ಕಾಲು ಇನ್ನೂ ಹಿಂದಕ್ಕೆ ಸಿಕ್ಕಿಲ್ಲ.

ಮನೆಯಲ್ಲಿ ಮೊದಮೊದಲು ಯಾರೂ ನಂಬಲಿಲ್ಲ. ಶಾಲಾ ವ್ಯಾನ್ ಓಡಿಸುವ ಗಂಡ ನಕ್ಕು ಸುಮ್ಮನಾದರು. ಅತ್ತೆ ಮಾತ್ರ ಇವತ್ತಿಗೂ ಬಿಟ್ಟಿಲ್ಲ. “ಓಡೋದಕ್ಕೂ ಸಂಬಳ ಕೊಡ್ತಾರೇನೇ? ಹಾಗಾದ್ರೆ ನಿನ್ನ ಗಂಡ ಚಿಕ್ಕೋನಿದ್ದಾಗ ಅವನ ಹಿಂದೆ ನಾನು ಓಡಿದ್ದೆಲ್ಲ ದಂಡ ಆಯ್ತಲ್ಲೇ!”

ಒಳ್ಳೆಯ ಶೂ ಹೇಗಿರಬೇಕು ಎಂದು ಕೇಳಿದರೆ ಅಕ್ಕನಿಗೆ ಉತ್ಸಾಹ ಉಕ್ಕುತ್ತದೆ. “ಕಾಲಿನ ಹೆಬ್ಬೆರಳ ಮುಂದೆ ಕೈಯಿನ ಹೆಬ್ಬೆರಳಿನಷ್ಟು ಅಗಲ ಖಾಲಿ ಇರ್ಬೇಕು. ಬೆರಳುಗಳು ಒಳಗೆ ಆಡೋ ಹಾಗಿರ್ಬೇಕು. ಹಿಮ್ಮಡಿ ಮಾತ್ರ ಅಲ್ಲಾಡ್ಬಾರ್ದು. ಮೆತ್ತಗಿರ್ಲಿ, ಆದ್ರೆ ಕೆಸರಲ್ಲಿ ಕಾಲಿಟ್ಟ ಹಾಗೆ ಹೂತು ಹೋಗ್ಬಾರ್ದು. ಓಡೋವಾಗ ಹಾಕೋ ಕಾಲುಚೀಲಾನೇ ಹಾಕ್ಕೊಂಡು ಅಂಗಡಿಗೆ ಹೋಗಿ ನೋಡ್ಬೇಕು.” ಹೇಳಿ ಮುಗಿಸಿ ನೀಲಿ ಶೂ ಕಡೆ ನೋಡುತ್ತಾರೆ. “ಹಾಗಂದ್ಕೊಂಡಿದ್ದೆ. ಈಗ ಏನು ಹೇಳೋಕೂ ಬಾಯಿ ಬರ್ತಿಲ್ಲ.”

ಬಾಯಿ ಕಟ್ಟಿಹಾಕಿದ್ದು ಆ ನೀಲಿ ಶೂವೇ. ಹೆಚ್ಚು ಮೆತ್ತನೆ, ಹೆಚ್ಚು ಅಗಲ, ದಿನವೂ ಓಡುವವರಿಗೆ ಹೇಳಿ ಮಾಡಿಸಿದ್ದು ಎಂದು ಕಾರ್ಖಾನೆ ಬಹಳ ಆಸೆಯಿಂದ ಹೊರಬಿಟ್ಟಿತು. ಒಂದು ಅಂಗಡಿಯವರು ಫೋನ್ ಮಾಡಿ ಹೊಗಳುತ್ತಾರೆ, ಇನ್ನಷ್ಟು ಕಳಿಸಿ ಅನ್ನುತ್ತಾರೆ. ಅದೇ ದಿನ ಇನ್ನೊಬ್ಬರು ಫೋನ್ ಮಾಡಿ, ‘ಅಗಲ ಅಂತ ಹೇಳಿ ಇಕ್ಕಟ್ಟು ಕಳಿಸಿದ್ದೀರಿ, ಕಿರುಬೆರಳು ಕಚ್ಚುತ್ತಂತೆ’ ಎಂದು ರೇಗುತ್ತಾರೆ. ನಂಬರ್ ಅದೇ, ಬಟ್ಟೆ ಅದೇ, ಅಚ್ಚು ಅದೇ. ಒಂದೇ ಶೂ ಒಬ್ಬಳಿಗೆ ಹೂವು, ಇನ್ನೊಬ್ಬಳಿಗೆ ಇಕ್ಕಳ ಆಗುವುದು ಹೇಗೆ?

ಎಲ್ಲರೂ ತಮಗೆ ತೋಚಿದ್ದನ್ನು ಹೇಳುತ್ತಾರೆ. ಅಂಟಿನವರು ಬಟ್ಟೆಯನ್ನು ದೂರುತ್ತಾರೆ, ಬಟ್ಟೆಯವರು ಹೊಲಿಗೆಯನ್ನು. ಮೇಸ್ತ್ರಿ ಅಚ್ಚನ್ನು ಅಳೆದೂ ಅಳೆದೂ ಟೇಪಿನ ಗೆರೆಗಳೇ ಮಾಸಿಹೋಗುವ ಹಾಗಿವೆ. ಕೊನೆಗೆ ಯಜಮಾನಿ ಬರುತ್ತಾರೆ. ಮೆದು ಮಾತಿನ ಹೆಂಗಸು. ಅದಕ್ಕೇ ಅವರ ಮಾತು ನಾಟುತ್ತದೆ.

“ಅಕ್ಕಾ, ತಪ್ಪು ತಿಳ್ಕೋಬೇಡಿ. ಇಷ್ಟು ವರ್ಷ ಬೇರೆ ಬೇರೆ ಶೂ ಹಾಕಿ ಓಡಿದ್ದೀರಿ. ಕಾಲಿಗೆ ಅಂದಾಜು ತಪ್ಪಿರಬಹುದು. ಇನ್ನೊಬ್ಬರ ಕಾಲಲ್ಲಿ ನೋಡೋಣ್ವಾ?”

ಅಕ್ಕ ತಲೆಯಾಡಿಸುತ್ತಾರೆ. ಕಾಲಿನ ಅಂದಾಜು ತಪ್ಪಿದರೆ ಬೆಳಗಿನ ಓಟವಿಲ್ಲ, ಆರು ನಂಬರ್ ಎಂಬ ಹೆಸರೂ ಇಲ್ಲ. ಮೇಜಿನ ಮುಂದೆ ನಿಲ್ಲುವ ಹತ್ತಾರು ಹೆಂಗಸರಲ್ಲಿ ಒಬ್ಬರಾಗಿ ಉಳಿಯಬೇಕಾಗುತ್ತದೆ. ಆ ಕೆಲಸವೇನೂ ಕೀಳಲ್ಲ. ಆದರೂ ದಿನಕ್ಕೊಮ್ಮೆಯಾದರೂ ತನ್ನ ಮಾತಿಗೆ ಒಬ್ಬರು ಕಾದು ನಿಲ್ಲುತ್ತಾರಲ್ಲ, ಅದು ಹೋಗುವುದೆಂದರೆ ಅವರಿಗೆ ಅಳು ಬರುತ್ತದೆ.

ಮಾರನೇ ಬೆಳಿಗ್ಗೆ ಪ್ಯಾಕಿಂಗ್ ವಿಭಾಗದಾಕೆಯ ಕಾಲಿಗೆ ನೀಲಿ ಜೋಡಿ ತೊಡಿಸುತ್ತಾರೆ. ಆಕೆಯದೂ ಆರನೇ ನಂಬರ್. ನೀರಿನ ಟ್ಯಾಂಕಿನವರೆಗೆ ಹೋಗಿ ಏದುಸಿರು ಬಿಡುತ್ತ ಬಂದು ಆಕೆ ಹೇಳುವುದೂ ಅದೇ: “ಹಾಯಾಗಿದೆ.” ಅಕ್ಕನಿಗೆ ಜೀವ ಬಂದ ಹಾಗಾಗುತ್ತದೆ, ಮರುಕ್ಷಣವೇ ತಲೆ ಇನ್ನಷ್ಟು ಕೆಡುತ್ತದೆ. ಇಬ್ಬರಿಗೂ ಹಾಯಾದದ್ದು ಊರಿಗೆ ಯಾಕೆ ಕಚ್ಚುತ್ತಿದೆ?

“ರಸ್ತೇಲಿ ಓಡೋವಾಗ ಎದುರಿಗೆ ಬರೋ ಹೆಂಗಸರ ಕಾಲು ನೋಡೋಕೆ ಶುರು ಮಾಡ್ದೆ,” ಎಂದು ಅಕ್ಕ ಆ ದಿನಗಳನ್ನು ನೆನೆಯುತ್ತಾರೆ. “ಒಬ್ಬರಾದ್ರೂ ಕುಂಟುತ್ತಾ ಬರ್ಲಿ, ಕೇಳೇಬಿಡೋಣ ಅಂತ. ಯಾರೂ ಕುಂಟ್ತಿರ್ಲಿಲ್ಲ. ಎಲ್ಲರೂ ನನ್ನ ಕಾಲೇ ನೋಡಿ ನಗ್ತಿದ್ರು.”

ಗಂಟು ಬಿಡಿಸಿದ್ದು ಅತ್ತೆ. ಬಿಡಿಸಿದೆನೆಂದು ಅವರಿಗೆ ಇನ್ನೂ ಗೊತ್ತಿಲ್ಲ. ಅಂದು ಸಂಜೆ ಅಕ್ಕ ಕೆಲಸದಿಂದ ಬಂದು, ಬಾಗಿಲಲ್ಲಿ ಬಿಟ್ಟಿದ್ದ ಗಂಡನ ಚಪ್ಪಲಿ ಮೆಟ್ಟಿಕೊಂಡು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಾರೆ. ದಿನವೂ ಹಾಗೆಯೇ. ಅತ್ತೆ ಗದರುವುದೂ ದಿನವೂ ಹಾಗೆಯೇ.

“ನಿನಗೇನು ಚಪ್ಪಲಿ ಇಲ್ವೇನೇ? ದೋಣಿ ಹಾಗಿರೋದನ್ನ ಎಳ್ಕೊಂಡು ಓಡಾಡ್ತೀಯಲ್ಲ, ನೋಡೋಕಾಗಲ್ಲ.”

“ನಂದು ಈ ಹೊತ್ತಿಗೆ ಬಿಗಿ ಅತ್ತೆ. ಬೆಳಿಗ್ಗೆ ಸರಿ ಇರುತ್ತೆ.”

ಹೇಳಿದ ಮಾತು ತನ್ನದೇ ಕಿವಿಗೆ ಬೀಳುತ್ತದೆ. ಕೈಯಲ್ಲಿದ್ದ ಟವೆಲ್ ಕೈಯಲ್ಲೇ ಉಳಿಯುತ್ತದೆ. ದಿನವಿಡೀ ನಿಂತರೆ ಕಾಲು ಊದುವುದು ಅಕ್ಕನಿಗೆ ಹೊಸದಲ್ಲ. ಮನೆಯಲ್ಲಿ ಗೊತ್ತಿದ್ದದ್ದು ಕಾರ್ಖಾನೆಯ ಗೇಟಿನೊಳಗೆ ಮಾತ್ರ ಒಮ್ಮೆಯೂ ನೆನಪಾಗಿಲ್ಲ. ಅಲ್ಲಿ ಕಾಲಿನ ಕೆಲಸವೆಂದರೆ ಬೆಳಗಿನ ಕೆಲಸ. ಮೇಸ್ತ್ರಿ ಅಳೆಯುವುದೂ ಬೆಳಿಗ್ಗೆ, ಅಕ್ಕ ಓಡುವುದೂ ಬೆಳಿಗ್ಗೆ, ಪ್ಯಾಕಿಂಗಿನಾಕೆಯನ್ನು ಓಡಿಸಿದ್ದೂ ಬೆಳಿಗ್ಗೆ. ಮೊದಲ ದಿನ ಹಾಗೆ ಶುರುವಾಯಿತು, ಹಾಗೆಯೇ ನಡೆದುಕೊಂಡು ಬಂತು.

ಗೊತ್ತಾಗಿದ್ದೇನೋ ಸರಿ, ಹೇಳುವುದೋ ಬೇಡವೋ? ‘ಸಂಜೆ ನನ್ನ ಕಾಲು ಆರಲ್ಲ’ ಎಂದು ತಾನೇ ಬಾಯಿಬಿಟ್ಟರೆ, ಹಾಗಾದರೆ ನಿಮ್ಮ ಕಾಲು ಬೇಡ ಅನ್ನಲು ಎಷ್ಟು ಹೊತ್ತು? ವಯಸ್ಸಾದ್ದರಿಂದ ತನಗೊಬ್ಬಳಿಗೇ ಹೀಗಾಗುತ್ತಿದೆಯೇ? ಗಂಡನನ್ನು ಕೇಳಿದರೆ ಅವರು ವ್ಯಾನಿನ ಕೀಲಿ ತಿರುವುತ್ತ, “ಕಾಲು ನಿಂದು, ನನ್ನನ್ನ ಕೇಳಿದ್ರೆ?” ಅನ್ನುತ್ತಾರೆ. ಅದೂ ನಿಜವೇ.

ಮಾರನೇ ಸಂಜೆ ಎಲ್ಲರೂ ಕೈ ತೊಳೆದು ಹೊರಡುವ ಹೊತ್ತಿಗೆ ಅಕ್ಕ ನೀಲಿ ಜೋಡಿ ಎತ್ತಿಕೊಂಡು ಮೇಸ್ತ್ರಿಯ ಕೋಣೆಗೆ ಹೋಗುತ್ತಾರೆ. ಸ್ಟೂಲಿನ ಮೇಲೆ ಕೂತು, ಅವರೆದುರೇ ಹಾಕಿಕೊಳ್ಳುತ್ತಾರೆ. ಕಾಲು ಒಳಗೆ ಹೋಗುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮುಖ ಕಿವುಚುತ್ತದೆ.

“ಕಚ್ತಿದೆ ಮೇಸ್ತ್ರೀ. ಕಿರುಬೆರಳು. ಅವರು ಹೇಳಿದ ಜಾಗದಲ್ಲೇ.”

ಮೇಸ್ತ್ರಿ ಟೇಪು ತೆಗೆಯುತ್ತಾರೆ. ಬೆರಳುಗಳ ಬುಡದ ಸುತ್ತ ಹಿಡಿದು ನೋಡಿ, ಬಿಟ್ಟು, ಮತ್ತೆ ಹಿಡಿಯುತ್ತಾರೆ. “ಬೆಳಿಗ್ಗೆ ಬೇರೆ ಇತ್ತಲ್ಲಮ್ಮಾ ಇದು! ಈಗ ನಾನು ಯಾವ ಕಾಲಿಗೆ ಅಚ್ಚು ಮಾಡ್ಲಿ? ಬೆಳಿಗ್ಗೆ ಬರೋಳು ನೀನಾ, ಸಂಜೆ ಹೋಗೋಳು ನೀನಾ?”

“ನನಗೂ ಅದೇ ಗೊತ್ತಾಗ್ತಿಲ್ಲ,” ಅನ್ನುತ್ತಾರೆ ಅಕ್ಕ. “ಮೇಡಂಗೆ ನಾನೇ ಹೇಳ್ತೀನಿ. ನನ್ನ ಕಾಲು ಆರು ನಂಬರ್ ಅಲ್ಲ ಅಂತ.”

ಬಾಗಿಲಲ್ಲಿ ಯಜಮಾನಿ ನಿಂತಿದ್ದಾರೆ. ದೀಪ ಆರಿಸಲು ಬಂದವರು. ಕೇಳಿಸಿಕೊಂಡು, ಹೊರಟಿದ್ದ ಪ್ಯಾಕಿಂಗಿನಾಕೆಯನ್ನು ಕೂಗಿ ಕರೆಯುತ್ತಾರೆ. ಆಕೆಯ ಕಾಲಿಗೂ ಅದೇ ನೀಲಿ ಶೂ. ಆಕೆ ಇನ್ನೂ ಎಳೆಯವಳು. ಆದರೂ ಮೂರೇ ಹೆಜ್ಜೆಗೆ “ಅಯ್ಯಮ್ಮಾ” ಎಂದು ಕೂತುಬಿಡುತ್ತಾಳೆ. ಆಮೇಲೆ ಯಜಮಾನಿ ತಮ್ಮದೇ ಚಪ್ಪಲಿ ಕಳಚುತ್ತಾರೆ. ಪಟ್ಟಿ ಒತ್ತಿದ ಕಡೆ ಕೆಂಪು ಬರೆ. ಕೋಣೆಯಲ್ಲಿ ನಾಲ್ವರೂ ತಂತಮ್ಮ ಪಾದ ನೋಡಿಕೊಳ್ಳುತ್ತಾರೆ. ಅಂಗಡಿಗಳಿಗೆ ಫೋನ್ ಮಾಡಿ ಕೇಳಿದಾಗ ಉಳಿದದ್ದೂ ಹೊರಬರುತ್ತದೆ. ಹೊಗಳಿದವರೆಲ್ಲ ಬೆಳಿಗ್ಗೆ ಓಡುವವರು. ದೂರಿದವರೆಲ್ಲ ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ದಿನವಿಡೀ ನಿಂತು, ಸಂಜೆ ಓಡುವವರು.

ಮೇಸ್ತ್ರಿ ಅಚ್ಚಿನ ಪಕ್ಕಕ್ಕೆ ತೆಳುವಾದ ಚರ್ಮದ ತುಂಡು ಅಂಟಿಸಿ, ಮುಂಭಾಗವನ್ನು ಅಗಲ ಮಾಡುತ್ತಾರೆ. ಹಿಮ್ಮಡಿಯ ಕಡೆ ಕೈ ಹಾಕುವುದಿಲ್ಲ. ಬೆಳಗಿನವರು ಲೇಸ್ ತುಸು ಬಿಗಿದುಕೊಂಡರಾಯಿತು, ಸಂಜೆಯವರಿಗೆ ಜಾಗವಾದರೂ ಇರುತ್ತದೆ. ಅಕ್ಕ ಈಗ ಕೆಲವು ದಿನ ಬೆಳಿಗ್ಗೆ ಓಡುತ್ತಾರೆ, ಕೆಲವು ದಿನ ಸಂಜೆ. ಶೂ ಕೊಳ್ಳಲು ಸಂಜೆಯೇ ಹೋಗಿ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. ತಾನು ನಿಜಕ್ಕೂ ಆರನೇ ನಂಬರೇ ಎಂಬ ಅನುಮಾನ ಮಾತ್ರ ಅವರಿಗೆ ಪೂರ್ತಿ ಹೋಗಿಲ್ಲ. ಕಾರ್ಖಾನೆಯವರು ಹೆಸರು ಬದಲಿಸಿಲ್ಲ.

“ಏನಾದ್ರೂ ಬೇಕಾ ಅಕ್ಕಾ?” ಎಂದು ಯಜಮಾನಿ ಕೇಳಿದಾಗ ಅವರು ನಾಚಿಕೊಂಡು ಹೇಳಿದ್ದು ಇಷ್ಟೇ: “ಒಂದು ಜೊತೆ ಶೂ ಮೇಡಂ. ಎರಡೂ ಒಂದೇ ಥರದ್ದು.”

ಈ ಶನಿವಾರ ಬೆಳಿಗ್ಗೆ ಅವರ ಎರಡೂ ಕಾಲಿಗೆ ನೀಲಿ. ಗೇಟು ಕಾಯುವಾತ ಬಾಯಿ ತೆರೆದವನು ಏನು ಕೇಳಬೇಕೆಂದು ತೋಚದೆ ಮುಚ್ಚುತ್ತಾನೆ. ಡಿಪೋದ ನಾಯಿಗಳು ಯಾರೋ ಹೊಸಬರು ಬಂದರೆಂಬಂತೆ ಎದ್ದು ಬೊಗಳುತ್ತವೆ. ಸುತ್ತು ಮುಗಿಸಿ ಬಂದಾಗ ಮೇಸ್ತ್ರಿ ಅಭ್ಯಾಸದಂತೆ ಕೇಳುತ್ತಾರೆ.

“ಎಡಗಾಲು?”

ಅಕ್ಕ ಬಾಯಿ ತೆರೆಯುತ್ತಾರೆ. ಕೆಳಗೆ ನೋಡುತ್ತಾರೆ.

“ಬಲಗಾಲು?”

“ಗೊತ್ತಾಗ್ಲಿಲ್ಲ ಮೇಸ್ತ್ರೀ. ನೀರಿನ ಟ್ಯಾಂಕ್ ದಾಟಿದ ಮೇಲೆ ಕಾಲಿದೆ ಅನ್ನೋದೇ ಮರೆತುಹೋಯ್ತು. ಯಾವುದೋ ಹಳೇದೆಲ್ಲ ನೆನೆಸ್ಕೊಂಡು ಬಂದ್ಬಿಟ್ಟೆ.” ಕೆಲಸ ಕದ್ದವರ ಹಾಗೆ ಮುಖ ಸಣ್ಣದಾಗಿದೆ.

ಮೇಸ್ತ್ರಿ ನಕ್ಕು, ಒಳಗೆ ಹೋಗಲು ತಿರುಗುತ್ತಾರೆ. ಅಕ್ಕ ಮೆಟ್ಟಿಲ ಮೇಲೆ ಕೂತು ಲೇಸ್ ಬಿಚ್ಚಿ, ನೀಲಿ ಜೋಡಿಯ ಧೂಳನ್ನು ಸೆರಗಿನಿಂದ ಒರೆಸಿ, ಚೀಲದೊಳಗೆ ಜೋಪಾನವಾಗಿ ಇಡುತ್ತಾರೆ. ಆಮೇಲೆ ಏನೋ ಗಾಬರಿಯಾದವರಂತೆ ತಲೆಯೆತ್ತಿ ಕೂಗುತ್ತಾರೆ.

“ಮೇಸ್ತ್ರೀ, ಇದು ಮನೆಗೆ. ಸೋಮವಾರ ಕೆಲಸ ಇದೆ, ಎರಡು ಬೇರೆ ಬೇರೆ ತೆಗೆದಿಟ್ಟಿರಿ.”