ದೀಪ ಹಚ್ಚುವ ಹೊತ್ತಿನ ಬಜರ್

ಇಂಥ ಸಂಗತಿಯನ್ನು ಯಾರಾದರೂ ಹೇಳಿದರೆ, ವೈರ್ ಎಲ್ಲೋ ಲೂಸ್ ಇದ್ದಿರಬೇಕು ನೋಡಿ ಎಂದು ನಕ್ಕುಬಿಡುತ್ತಿದ್ದವನು ನಾನು. ಬಸವನ ಬಾಗೇವಾಡಿಯಲ್ಲಿ ಮೊದಲು ರೇಡಿಯೊ, ಆಮೇಲೆ ಟಿವಿ ರಿಪೇರಿ ಮಾಡಿ, ಈಗ ಅಂಗಡಿ ಮನೆಗಳಿಗೆ ಕಳ್ಳರ ಅಲಾರಾಂ ಕೂಡಿಸುತ್ತ ತಲೆ ಬೆಳ್ಳಗಾಗಿದೆ. ತಾನಾಗಿ ಹತ್ತುವ ದೀಪ, ತಾನಾಗಿ ಮಾತಾಡುವ ರೇಡಿಯೊ ಎಲ್ಲ ಕಂಡಿದ್ದೇನೆ. ಬಿಚ್ಚಿದರೆ ಒಳಗೆ ಇರುವೆಗೂಡೋ ತುಕ್ಕೋ ಸಿಗುತ್ತಿತ್ತು. ಮನಗೂಳಿಯ ಆ ಮನೆಯಲ್ಲಿ ಬಿಚ್ಚಿದರೂ ಏನೂ ಸಿಗಲಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಅದು ಈರಣ್ಣನ ಮನೆ. ಗೊಬ್ಬರ, ಬೀಜದ ಅಂಗಡಿಯವನು. ಅವನ ತಂದೆ ಗುರುಪಾದಪ್ಪ ಕಾಕಾನಿಗೆ ಮರೆವಿನ ಕಾಯಿಲೆ. ಒಂದು ಕಾಲಕ್ಕೆ ಇಂಡಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದರಂತೆ. ಅಂಗಡಿ ಹೋಗಿ ಎಷ್ಟೋ ವರ್ಷವಾಗಿತ್ತು, ಆದರೆ ಅವರಿಗೆ ಮಾತ್ರ ದಿನಾ ಅಂಗಡಿ ತೆರೆಯುವ ಅವಸರ. ಕಣ್ಣು ತಪ್ಪಿಸಿ ಸ್ಟ್ಯಾಂಡಿಗೆ ಹೋಗಿ ಸಿಕ್ಕ ಬಸ್ಸು ಹತ್ತುತ್ತಿದ್ದರು. ಒಮ್ಮೆ ಸಿಂದಗಿಯವರೆಗೂ ಹೋಗಿದ್ದವರನ್ನು ಕಂಡಕ್ಟರ್ ಒಬ್ಬ ಪುಣ್ಯಾತ್ಮ ಗುರುತು ಹಿಡಿದು ವಾಪಸು ಕಳಿಸಿದ್ದ. ಅದಾದ ಮೇಲೆ ಈರಣ್ಣ ನನ್ನನ್ನು ಕರೆಸಿದ. ಕಳ್ಳರು ಒಳಗೆ ಬಾರದಂತೆ ಅಲಾರಾಂ ಕೇಳುವವರೇ ಎಲ್ಲ. ಮನೆಯವರು ಹೊರಗೆ ಹೋಗದಂತೆ ಕೇಳಿದವನು ಇವನೊಬ್ಬನೇ.

ಅಲಾರಾಂ ಪ್ಯಾನೆಲ್ಲಿನಲ್ಲಿ ಗಂಟೆಯನ್ನೋ ದೀಪವನ್ನೋ ಜೋಡಿಸಿ ನಾವು ಬೇಕಾದಂತೆ ಹೊಂದಿಸಿಕೊಳ್ಳುವ ಔಟ್‌ಪುಟ್‌ಗಳಿರುತ್ತವೆ. ಏನಾದಾಗ ಅದು ಚಾಲೂ ಆಗಬೇಕು, ಎಷ್ಟು ಹೊತ್ತು ಇರಬೇಕು, ಯಾವ ವೇಳೆಯಲ್ಲಿ ಸುಮ್ಮನಿರಬೇಕು ಎಲ್ಲವನ್ನೂ ಅದಕ್ಕೆ ಹೇಳಿಕೊಡಬಹುದು. ತಲೆಬಾಗಿಲಿಗೆ ಆಯಸ್ಕಾಂತದ ಸ್ವಿಚ್ಚು ಹಾಕಿ, ಒಂದು ಔಟ್‌ಪುಟ್ಟಿನಿಂದ ಅಡುಗೆಮನೆಗೆ ವೈರ್ ಎಳೆದು ಬಜರ್ ಕೂಡಿಸಿದೆ. ಬಾಗಿಲು ತೆರೆದರೆ ಅದು ಸ್ವಲ್ಪ ಹೊತ್ತು ಕೂಗಿ ತಾನೇ ನಿಲ್ಲಬೇಕು. ಕಾಕಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು.

"ಕಳ್ಳ ಬಂದ್ರ ಬಡಿತೈತೇನು?"

"ಇದು ಹೊರಗ ಹೋಗೋರಿಗ್ರಿ ಕಾಕಾ."

"ಹಂಗಾರ ಕಳ್ಳ ಒಳಗ ಅದಾನ ಅನ್ನು."

ಒಳಗಿನಿಂದ ಅವರ ಹೆಂಡತಿ ನೀಲವ್ವ ಕಾಕು, "ಅದಾರಲ್ಲ, ಬೆಲ್ಲದ ಡಬ್ಬಿ ನೋಡಿದ್ರ ಗೊತ್ತಾಕ್ಕೈತಿ" ಎಂದರು. ಕಾಕಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಮರೆವಿನ ಮನುಷ್ಯ ಎಂದು ಆ ಗಳಿಗೆ ಅನಿಸಲೇ ಇಲ್ಲ.

ತೊಡಕಾದದ್ದು ಸಂಜೆಯ ವೇಳೆಗೆ. ನಮ್ಮ ಕಡೆ ದೀಪ ಹಚ್ಚುವ ಹೊತ್ತಿನಲ್ಲಿ ತಲೆಬಾಗಿಲು ಹಾಕುವುದಿಲ್ಲ. ಲಕ್ಷ್ಮಿ ಬರುವ ಹೊತ್ತು ಅದು. ಕಸ ಹೊಡೆದು, ಹೊಸ್ತಿಲಿಗೆ ನೀರು ಹಾಕಿ, ಬಾಗಿಲು ಅಗಲಕ್ಕೆ ತೆರೆದಿಡುತ್ತಾರೆ. ಬಜರ್ ಆಗ ದಿನಾ ಕೂಗುವುದು ಕಾಕುಗೆ ಸರಿಬರಲಿಲ್ಲ. ದೀಪ ಹಚ್ಚುವಾಗ ಮನೆಯಲ್ಲಿ ಅಂಥ ದನಿ ಏಳಬಾರದು ಎಂದರು. ಆ ಹೊತ್ತು ಬಜರ್ ಸುಮ್ಮನಿರಲಿ, ತಾನೇ ಕಟ್ಟೆಯ ಮೇಲೆ ಕೂತು ಯಜಮಾನರನ್ನು ಕಾಯುತ್ತೇನೆ ಎಂದರು. ಈರಣ್ಣನೂ ಒಪ್ಪಿದ. ನಾನು ಪ್ಯಾನೆಲ್ಲಿನಲ್ಲಿ ಹಾಗೇ ಹೊಂದಿಸಿಕೊಟ್ಟು ಬಂದೆ.

ಕೆಲವು ತಿಂಗಳು ಎಲ್ಲ ಸುರಳೀತ ನಡೆಯಿತು. ಒಂದು ಸಂಜೆ ಒಲೆಯ ಮೇಲೆ ಹಾಲು ಉಕ್ಕಿತೆಂದು ಕಾಕು ಒಳಗೆ ಹೋದರು. ತಿರುಗಿ ಬರುವಷ್ಟರಲ್ಲಿ ಕಾಕಾ ಇರಲಿಲ್ಲ.

ಈರಣ್ಣ ಹುಡುಕದ ಊರಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ನಾಲತವಾಡ ಎಲ್ಲ ಕಡೆ ಬಸ್ ಸ್ಟ್ಯಾಂಡಿನ ಕಂಬಗಳಿಗೆ ತಂದೆಯ ಫೋಟೊ ಅಂಟಿಸಿದ. ಇಂಡಿಯಲ್ಲಿ ಹಳೆಯ ಅಂಗಡಿ ಇದ್ದ ಜಾಗದ ಎದುರಿಗೆ ದಿನಗಟ್ಟಲೆ ಕೂತು ಬಂದ. ಪೊಲೀಸರಿಗೂ ಬರೆದುಕೊಟ್ಟ. ಅಲ್ಲಿ ಕಂಡರಂತೆ, ಇಲ್ಲಿ ಕಂಡರಂತೆ ಎಂಬ ಫೋನುಗಳು ಬರುತ್ತಿದ್ದವು, ಹೋಗಿ ನೋಡಿದರೆ ಬೇರೆ ಯಾರೋ ಮುದುಕರು. ಮಳೆಗಾಲ ಹೋಗಿ ಚಳಿ ಬಂತು. ಫೋನುಗಳೂ ನಿಂತವು.

ಆಗ ಈರಣ್ಣನ ಫೋನು ಬಂತು. ದೀಪ ಹಚ್ಚುವ ಹೊತ್ತಿಗೆ ಬಜರ್ ಕೂಗುತ್ತಿದೆ ಎಂದ. ಕರೆಂಟು ಹೋಗಿ ಬಂದು ಪ್ಯಾನೆಲ್ಲಿನ ಗಡಿಯಾರ ತಪ್ಪಿರಬೇಕು ಎಂದುಕೊಂಡು ಹೋದೆ. ಗಡಿಯಾರ ಸರಿಯಾಗಿತ್ತು. ಹೊಂದಿಸಿದ್ದೂ ಹಾಗೇ ಇತ್ತು. ಹೋಗಲಿ ಎಂದು ಬ್ಯಾಟರಿ ಬದಲಿಸಿ ಬಂದೆ. ಮತ್ತೆ ಕೂಗಿತು. ಎರಡನೆಯ ಸಲ ಹೋದಾಗ ಆ ಔಟ್‌ಪುಟ್ಟಿಗೆ ಯಾವ ಕೆಲಸವೂ ಇಲ್ಲದಂತೆ ಮಾಡಿದೆ. ಬಾಗಿಲು ತೆರೆದು ಮುಚ್ಚಿ ನೋಡಿದೆ, ಸುಮ್ಮನಿತ್ತು. ನಾನು ಬಾಗೇವಾಡಿ ಮುಟ್ಟುವುದರೊಳಗೆ ಈರಣ್ಣ ಫೋನು ಮಾಡಿ, ಮತ್ತೆ ಕೂಗಿತು ಅಣ್ಣಾರ ಎಂದ. ಆ ದನಿಯಲ್ಲಿ ತಕರಾರು ಇರಲಿಲ್ಲ. ಖುಷಿ ಇದ್ದ ಹಾಗಿತ್ತು. ಅದೇ ನನ್ನನ್ನು ಹೆದರಿಸಿತು.

ಮೂರನೆಯ ಸಲ ಸಂಜೆಗೇ ಹೋಗಿ ಕೂತೆ. ಹೊತ್ತು ಇಳಿಯುವ ಮೊದಲೇ ಬಜರ್ ಬಿಚ್ಚಿ, ಎರಡೂ ವೈರ್ ಬೇರೆ ಮಾಡಿ, ಅದನ್ನು ನನ್ನ ಅಂಗೈಯಲ್ಲಿಟ್ಟುಕೊಂಡೆ. ಕಾಕು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ದೇವರ ದೀಪ ಹತ್ತಿತ್ತು, ತಲೆಬಾಗಿಲು ತೆರೆದೇ ಇತ್ತು. ಈರಣ್ಣ ಹೊಸ್ತಿಲ ಹತ್ತಿರ ನಿಂತಿದ್ದ.

ಬಜರ್ ನನ್ನ ಕೈಯಲ್ಲಿ ಕೂಗಿತು.

ಅಂಗೈ ಜುಮ್ಮೆಂದಿತು. ವೈರುಗಳು ಗೋಡೆಯ ಮೇಲೆ ಜೋತಾಡುತ್ತಿದ್ದವು. ಒಳಗೆ ಸ್ವಲ್ಪ ಕರೆಂಟು ಉಳಿದಿರಬೇಕು ಎಂದು ಆಮೇಲೆ ನನಗೆ ಹೇಳಿದವರಿದ್ದಾರೆ. ಉಳಿದಿದ್ದರೆ ಕಿರ್ ಎಂದು ಸತ್ತುಹೋಗುತ್ತಿತ್ತು. ಇದು ನಾನು ಮೊದಲ ದಿನ ಪ್ಯಾನೆಲ್ಲಿಗೆ ಹೇಳಿಕೊಟ್ಟಷ್ಟೇ ಹೊತ್ತು ಕೂಗಿ ನಿಂತಿತು. ಆ ಲೆಕ್ಕ ಇರುವುದು ಪ್ಯಾನೆಲ್ಲಿನಲ್ಲಿ, ಬಜರಿಗೆ ಅದು ಗೊತ್ತಿರುವುದಿಲ್ಲ.

ಈರಣ್ಣ "ಅಪ್ಪಾ" ಎನ್ನುತ್ತ ಬರಿಗಾಲಲ್ಲಿ ಓಣಿಗೆ ಓಡಿದ. ಆ ಕಡೆ ಈ ಕಡೆ ನೋಡಿ ಏದುಸಿರು ಬಿಡುತ್ತ ಒಳಗೆ ಬಂದ. "ಬರಾಕತ್ತಾರವ್ವಾ. ದಿನಾ ಬಾಗಿಲತನಕ ಬಂದು ಹೊಳ್ಳಿ ಹೋಗಾಕತ್ತಾರ."

ಕಾಕು ಎದ್ದಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ಅದು ಬರೋರಿಗೆ ಬಡಿಯೂದಲ್ಲೋ ಈರ್ಯಾ. ಹೋಗೋರಿಗೆ ಬಡಿಯೂದು."

ರೊಟ್ಟಿ ಸೀದ ವಾಸನೆ ಬಂತು. ಕಾಕು ಅದನ್ನು ತೆಗೆದು ಬದಿಗಿಟ್ಟು ಒಲೆ ಆರಿಸಿದರು. ಮರುದಿನ ಅವರು ಕೈಬಳೆ ತೆಗೆದಿಟ್ಟರೆಂದು ತಿಳಿಯಿತು. ಹೆಣ ಸಿಕ್ಕಿಲ್ಲ, ಸುದ್ದಿ ಇಲ್ಲ, ನೀನೇ ಅಪ್ಪನನ್ನು ಸಾಯಿಸಿದಿ ಎಂದು ಈರಣ್ಣ ತಾಯಿಯ ಮೇಲೆ ಹಾರಾಡಿದನಂತೆ. ಅಂದಿನಿಂದ ಇಬ್ಬರಿಗೂ ಮಾತು ಅಷ್ಟಕ್ಕಷ್ಟೇ.

ಆ ಸಂಜೆಯ ನಂತರ ಬಜರ್ ಹಾಗೆ ಕೂಗಲಿಲ್ಲ. ಕಾಕಾ ಇವತ್ತಿಗೂ ಸಿಕ್ಕಿಲ್ಲ. ಹೋದ ವಾರ ಈರಣ್ಣ ಕರೆಸಿ, ವೈರ್ ಮೊದಲಿನಂತೆ ಜೋಡಿಸಿ, ದೀಪದ ಹೊತ್ತಿನಲ್ಲೂ ಕೂಗುವಂತೆ ಮಾಡು ಎಂದ. ಮಾಡಿದೆ. ಕೆಲಸ ಮುಗಿಯುವವರೆಗೂ ಅವನು ಪಕ್ಕದಲ್ಲೇ ನಿಂತಿದ್ದ. ಆಮೇಲೆ ಕಾಕುಗೆ ಕೇಳಿಸದಂತೆ, "ಅವ್ವ ಅಂದಿದ್ದು ಖರೇನ ಏನ್ರಿ ಅಣ್ಣಾರ? ಮಷೀನು ಕೂಡಿಸಿದವ್ರು ನೀವು, ನೀವ ಹೇಳ್ರಿ" ಎಂದ.

ಬಾಗಿಲು ತೆರೆದದ್ದಷ್ಟೇ ಪ್ಯಾನೆಲ್ಲಿಗೆ ತಿಳಿಯುತ್ತದೆ. ಬಂದರೋ ಹೋದರೋ ಅದಕ್ಕೆ ತಿಳಿಯುವುದಿಲ್ಲ. ಅಷ್ಟನ್ನು ನಾನು ಖಂಡಿತ ಹೇಳಬಲ್ಲೆ. ಆದರೆ ಅಂದು ನನ್ನ ಕೈಯಲ್ಲಿ ಕೂಗಿದ್ದಕ್ಕೆ ಪ್ಯಾನೆಲ್ಲಿನ ಸಂಬಂಧವೇ ಇರಲಿಲ್ಲವಲ್ಲ. ಅವನು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದ. ನಾನು ಪ್ಯಾನೆಲ್ಲಿನ ಮುಚ್ಚಳ ಹಾಕಿ ಕಟ್ಟೆ ಇಳಿದು ಬಂದೆ.