ಎಡಗಡೆಯ ಚೆಂಡು

ನಮ್ಮ ಗೋಲ್‌ಕೀಪರ್ ತೀರಿಕೊಂಡ ಸುದ್ದಿ ಲಿಂಗಸುಗೂರಿನ ನಮ್ಮ ಕಚೇರಿಗೆ ಫೋನಿನಲ್ಲಿ ಬಂತು. ಸಿಂಧನೂರಿನಿಂದ ಮಾತಾಡುತ್ತಿದ್ದವನು ತಂಡದ ಹಳೆಯ ಕ್ಯಾಪ್ಟನ್. "ಅಣ್ಣ ಹೋದ. ಕಾಮಣಿ ಬ್ಯಾನಿ ಆಗಿತ್ತಂತ. ಮಧ್ಯಾಹ್ನದೊಳಗ ಮಸ್ಕಿಗೆ ಬಾ" ಎಂದ. ಆಮೇಲೆ ಫೋನು ಹಿಡಿದುಕೊಂಡೇ ಅಳುತ್ತಿದ್ದ. ನನಗೆ ಅಳು ಬರಲಿಲ್ಲ. ಮಸ್ಕಿಯ ಬಸ್ಸು ಹಿಡಿಯಲು ಹೊರಟೆ.

ಎಂಬತ್ತರ ದಶಕದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕೂಡಿ ಒಂದೇ ಫುಟ್‌ಬಾಲ್ ತಂಡ ಕಟ್ಟಿದ್ದೆವು. ಕೀಪರ್ ಮಸ್ಕಿಯವನು, ತುರ್ವಿಹಾಳದ ಹತ್ತಿರ ಕಾಲುವೆಯ ಗೇಟು ಏರಿಸಿ ಇಳಿಸುವ ಲಸ್ಕರ್. ಆರಡಿ ಮೇಲೆ ಎತ್ತರ, ಗೇಟಿನ ಚಕ್ರ ತಿರುಗಿಸಿ ಗಟ್ಟಿಯಾದ ಕೈ. ಅವನ ಆಟ ನೋಡಲಿಕ್ಕೆಂದೇ ಸಂತೆಕಲ್ಲೂರಿನಿಂದ ಜನ ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದರು. ಗೋಲು ಹೊಡೆದವರ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಅವನು ಹಿಡಿದ ಚೆಂಡುಗಳನ್ನು ಮಾತ್ರ ಹೋಟೆಲುಗಳಲ್ಲಿ ವಾರಗಟ್ಟಲೆ ಹೇಳಿಕೊಂಡು ಕೂಡುತ್ತಿದ್ದರು.

ನಾನು ಅವನ ಎಡಗಡೆ ಕಾಯುವ ಬ್ಯಾಕ್. ಒಂದು ಸಲ ಸಿಂಧನೂರಿನ ಆಟದಲ್ಲಿ ಅವನು ಎದುರಾಳಿಯ ಕಾಲಿಗೆ ಅಡ್ಡ ಬಿದ್ದು ಚೆಂಡು ಹಿಡಿಯುವಾಗ ಬೂಟು ಅವನ ಎಡಗಣ್ಣಿಗೆ ಬಡಿಯಿತು. ಎರಡು ವಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದು, ಮತ್ತೆ ಆಡಲು ಬಂದ. ಅವತ್ತು ಆಟ ಮುಗಿದು ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನನ್ನ ಭುಜದ ಮೇಲೆ ಕೈಯಿಟ್ಟ.

"ಈ ಕಣ್ಣು ಹೋಗೈತಿ. ಬರೇ ಮಬ್ಬು" ಎಂದ. "ಯಾರಿಗೂ ಹೇಳಬ್ಯಾಡ. ಹೇಳಿದ್ರ ಆಟ ಬಿಡಸ್ತಾರ."

"ಹಂಗಾರ ಹೆಂಗ ಆಡ್ತಿ ಅಣ್ಣಾ?"

"ನೀ ಎಡಕ್ಕ ಇರ್ತಿಯಲ್ಲ. ಚೆಂಡು ಆ ಕಡೆಯಿಂದ ಬಂದ್ರ ಒಂದು ಕೂಗು ಹಾಕು. ಅಷ್ಟ ಸಾಕು ನನಗ."

ಎರಡು ವರ್ಷ ಹಾಗೆಯೇ ನಡೆಯಿತು. ನಾನು "ಅಣ್ಣಾ" ಎಂದರೆ ಅವನು ಎಡಕ್ಕೆ ಹಾರುತ್ತಿದ್ದ. ನನ್ನ ಕೂಗು ಹುಮ್ಮಸ್ಸಿನದೆಂದು ಜನ ತಿಳಿದಿದ್ದರು. ಅವನ ಎಡಗಣ್ಣು ನಾನೆಂಬ ಹೆಮ್ಮೆ ಒಳಗೊಳಗೇ ನನಗಿತ್ತು.

ರಾಯಚೂರಿನ ತಂಡದ ಮೇಲೆ ಲಿಂಗಸುಗೂರಿನ ಮೈದಾನದಲ್ಲಿ ಫೈನಲ್ ಇತ್ತು. ಎರಡೂ ಕಡೆ ಗೋಲು ಆಗಿರಲಿಲ್ಲ. ಇನ್ನೈದು ನಿಮಿಷವಿದ್ದಾಗ ಚೆಂಡು ನನ್ನ ಕಾಲಿಗೆ ಸಿಕ್ಕಿತು. ಮುಂದೆ ಬಯಲು ಖಾಲಿ. ನಾನು ಅಲ್ಲಿಯವರೆಗೆ ಒಂದು ಗೋಲೂ ಹೊಡೆದವನಲ್ಲ. ನನ್ನ ಊರಿನ ಜನ ನೋಡುತ್ತಿದ್ದಾರೆ ಎನ್ನುವುದೊಂದೇ ತಲೆಯಲ್ಲಿತ್ತು. ಜಾಗ ಬಿಟ್ಟು ಓಡಿದೆ. ಅವರ ಗೋಲಿನ ಹತ್ತಿರ ಹೋಗಿ ಚೆಂಡು ಕಳೆದುಕೊಂಡೆ. ಅವರ ಆಟಗಾರ ನಾನು ಬಿಟ್ಟುಬಂದ ಎಡಗಡೆಯಿಂದಲೇ ನುಗ್ಗಿದ. ನಾನು ಹಿಂದೆ ಓಡುತ್ತಿದ್ದೆ. ಕೂಗಿದ್ದರೆ ನಮ್ಮ ಕೀಪರನಿಗೆ ಕೇಳುತ್ತಿತ್ತು. ಬಾಯಿ ತೆರೆದೆ, ಉಸಿರು ಸಾಲಲಿಲ್ಲ, ದನಿ ಹೊರಡಲಿಲ್ಲ.

ಜೋರಿನ ಹೊಡೆತವೂ ಅಲ್ಲ. ಚೆಂಡು ನೆಲದ ಮೇಲೆ ಉರುಳುತ್ತಾ ಎಡಮೂಲೆಗೆ ಹೋಯಿತು. ಕೀಪರ್ ನಿಂತಲ್ಲೇ ನಿಂತಿದ್ದ.

ಜನರ ನಡುವಿನಿಂದ ಯಾರೋ "ಬೇಕಂತನ ಬಿಟ್ಟಾನ" ಎಂದರು. ರಾಯಚೂರಿನವರ ಕೂಡ ಒಳಗೊಳಗೆ ಸೇರಿಕೊಂಡಿದ್ದಾನೆ ಎಂಬ ಮಾತು ಕ್ಷಣದಲ್ಲಿ ಮೈದಾನದ ತುಂಬ ಹಬ್ಬಿತು. ಮಣ್ಣಿನ ಹೆಂಟೆ, ಚಪ್ಪಲಿ ಬಂದು ಅವನ ಮೈಮೇಲೆ ಬೀಳತೊಡಗಿದವು. ಅವನು ಕುತ್ತಿಗೆ ಪೂರಾ ತಿರುಗಿಸಿ ಬಲಗಣ್ಣಿನಿಂದ ನನ್ನನ್ನು ಒಮ್ಮೆ ನೋಡಿದ. ನಾನು ಹೇಳುತ್ತೇನೆಂದು ಕಾದನೋ ಏನೋ. ನಾನು ಕೆಳಗೆ ಕೂತು ಬೂಟಿನ ಲೇಸು ಬಿಚ್ಚತೊಡಗಿದೆ.

ಅವನು ಮತ್ತೆ ಆಡಲಿಲ್ಲ. ಮಸ್ಕಿಯ ಹೋಟೆಲುಗಳಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತಂತೆ. ಮೂರು ವರ್ಷ ನಾನು ಅವನ ಮನೆಯ ಕಡೆ ಹೋಗಲಿಲ್ಲ. ಒಂದು ಸಲ ಸಿಂಧನೂರಿನ ಬಸ್ಸಿನಲ್ಲಿ ಅವನು ಕೂತಿದ್ದನ್ನು ಕಂಡು, ಹತ್ತದೆ ಮುಂದಿನ ಬಸ್ಸಿಗೆ ಕಾದೆ.

ಸುದ್ದಿ ಬಂದ ದಿನ ಮಸ್ಕಿ ಮುಟ್ಟಿದಾಗ ಅವನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಂಧನೂರಿನವರು ಎರಡು ಟೆಂಪೋ ಮಾಡಿಕೊಂಡು ಬಂದಿದ್ದರು. ಪದ್ಧತಿಯಂತೆ ಅವನನ್ನು ಗೋಡೆಗೆ ಆನಿಸಿ ಕೂಡಿಸಿ ಹಣೆತುಂಬ ವಿಭೂತಿ ಹಚ್ಚಿದ್ದರು. ಕೂತರೂ ಎತ್ತರವಾಗಿಯೇ ಕಾಣುತ್ತಿದ್ದ, ಮುಖ ಮಾತ್ರ ಕಾಮಾಲೆಯಿಂದ ಹಳದಿ, ಬಡಕಲು. ಫೈನಲ್ ದಿನ ಹೆಂಟೆ ಎಸೆದದ್ದನ್ನು ನಾನು ಕಣ್ಣಾರೆ ಕಂಡಿದ್ದ ಅಕ್ಕಿ ಗಿರಣಿಯ ಹಮಾಲನೊಬ್ಬ ಅವನ ಕಾಲು ಹಿಡಿದು ಎದೆ ಬಡಿದುಕೊಂಡು ಅಳುತ್ತಿದ್ದ. ಅವನ ಅಳು ಸುಳ್ಳಾಗಿರಲಿಲ್ಲ.

ಕ್ಯಾಪ್ಟನ್ ಅವನ ಹೆಂಡತಿಯ ಮುಂದೆ ಬಗ್ಗಿ, "ಅಕ್ಕಾ, ಲಿಂಗಸುಗೂರು ಮೈದಾನಕ್ಕ ಒಂದು ತಾಸು ಒಯ್ತೀವ್ರಿ. ಮಂದಿ ಕಡೀ ಸಲ ನೋಡ್ಲಿ" ಎಂದ.

ಆಕೆ ತಲೆಯೆತ್ತಿದಳು. "ಅಲ್ಲಿಗ್ಯಾಕ್ರೀ? ಅಲ್ಲೇ ಅಲ್ಲೇನು ನೀವು ಹೆಂಟಿ ಒಗದದ್ದು?"

ಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಆಗ ನನ್ನ ಬಾಯಿಂದ ಹೊರಬಿತ್ತು. ಕಣ್ಣಿನ ಸಂಗತಿ, ಕೂಗಿನ ಸಂಗತಿ, ಜಾಗ ಬಿಟ್ಟು ಓಡಿದ್ದು, ಎಲ್ಲ ಹೇಳಿದೆ. ಹೇಳುತ್ತಾ ಹೊಸ್ತಿಲ ಹತ್ತಿರ ಕೂತುಬಿಟ್ಟೆ. ಕ್ಯಾಪ್ಟನ್ ಬಂದು ರಟ್ಟೆ ಹಿಡಿದು, "ಈಗ ಅದೆಲ್ಲ ಯಾಕ, ಬಿಡಪ" ಎಂದ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಕೇಳಲು ಮನಸ್ಸಿರಲಿಲ್ಲ, ಅಷ್ಟೆ.

ಆಕೆ ಮಾತ್ರ ಕೇಳಿದಳು. "ನನಗ ಅವತ್ತ ಗೊತ್ತೈತಿ" ಎಂದಳು. "ಮನಿಗೆ ಬಂದು ಹೇಳಿದ್ರು. ಜಗಳಕ್ಕ ಹೊಂಟಿದ್ದೆ, ಅವರ ತಡದ್ರು. ಅಂವಗ ಹೊಸ ನೌಕರಿ, ಮಂದ್ಯಾಗ ಹೆಸರು ಕೆಡಬಾರದು, ತಾನ ಬಂದು ಹೇಳ್ತಾನ ಅಂದ್ರು." ನನ್ನ ಕಡೆ ತಿರುಗಿ, "ಅವರಿದ್ದಾಗ ಬರಬೇಕಿತ್ತು ನೀ. ಈಗ ಯಾರಿಗೆ ಹೇಳಾಕ ಬಂದಿ?" ಎಂದಳು.

ಮೈದಾನಕ್ಕೆ ಒಯ್ಯಲಿಲ್ಲ. ಭಜನೆಯೊಂದಿಗೆ ಊರ ಹೊರಗಿನ ಅವರ ಹೊಲಕ್ಕೇ ಹೊತ್ತು ನಡೆದೆವು. ನಾನು ಹೆಗಲು ಕೊಡಲು ಹೋದಾಗ ಅವನ ತಮ್ಮ ಬೇಡವೆನ್ನಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ಮರುವರ್ಷ ಅವನ ನೆನಪಿಗೆ ಲಿಂಗಸುಗೂರಿನಲ್ಲಿ ಟೂರ್ನಮೆಂಟ್ ಇಟ್ಟರು. ಅವನ ಕಣ್ಣಿನ ವಿಷಯ, ಕೊನೆಯ ಆಟದ ವಿಷಯ ಒಂದು ಹಾಳೆಯಲ್ಲಿ ಬರೆದು ಮೈಕಿನಲ್ಲಿ ಓದಲು ಕೊಟ್ಟೆ. ನನ್ನ ತಪ್ಪನ್ನೂ ಬರೆದಿದ್ದೆ. ಓದಲಿಲ್ಲ. ಸತ್ತವನ ಹೆಸರಿನ ಆಟದಲ್ಲಿ ಆ ಗೋಲಿನ ಮಾತು ಬೇಡ ಎಂದರಂತೆ. ಆಮೇಲೆ ಸಿಕ್ಕವರಿಗೆ ಒಬ್ಬೊಬ್ಬರಿಗೇ ಹೇಳುತ್ತಾ ಬಂದೆ, ಸಿಂಧನೂರಿನ ಹೋಟೆಲಿನಲ್ಲಿ, ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ. ಕೆಲವರು ನಂಬಿದರು. ಕೆಲವರು, ಸತ್ತವನ ಮೇಲಿನ ಪ್ರೀತಿಗೆ ನಾನೇ ಕಥೆ ಕಟ್ಟಿದ್ದೇನೆ ಎಂದುಕೊಂಡರು. ಗಿರಣಿಯ ಹಮಾಲನಿಗೂ ಹೇಳಿದೆ. ಅವನು ಬೀಡಿ ನೆಲಕ್ಕೆ ತಿಕ್ಕಿ ಆರಿಸಿ, "ನೀ ಹೇಳೋದು ಖರೇನ ಇರ್ಬೇಕು. ಆದ್ರ ನನ್ನ ಕಣ್ಣಿಗೆ ಅವತ್ತ ಬೇಕಂತನ ಬಿಟ್ಟಂಗ ಕಂಡಿತ್ತು ನೋಡು" ಎಂದ.